ಆನೆಗೆ ಎಷ್ಟು ತೂಕದ ಗುಂಡು?

ಮೈಸೂರಿನ ಕಡೆಯ ಯಾವುದಾದರೊಂದು ಹಳೆಯ ಮನೆಯ ಹಜಾರದಲ್ಲಿ ಗೋಡೆಯ ಮೇಲಿನಿಂದ ಕಾಟಿಯ ತಲೆಯೊಂದು ತನ್ನ ಗಾಜಿನ ಕಣ್ಣುಗಳಿಂದ ನಿಮ್ಮನ್ನು ದಿಟ್ಟಿಸಿದ್ದಿರಬಹುದು. ಅಂಥ ತಲೆಗಳನ್ನು ಹದಮಾಡಿ ನಿಲ್ಲಿಸುವುದರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕಾರ್ಖಾನೆ ಒಂದು ಕಾಲಕ್ಕೆ ಲೋಕಪ್ರಸಿದ್ಧವಾಗಿದ್ದಿತು. ತಲೆಯನ್ನು ನೋಡಿದ ಅತಿಥಿ ಹೊಡೆದವರು ಯಾರು, ಎಲ್ಲಿ ಹೊಡೆದರು ಎಂದು ಕೇಳುವುದು ವಾಡಿಕೆ. ಯಾವ ಗುಂಡಿನಿಂದ ಹೊಡೆದರು ಎಂದು ಕೇಳುವವರು ವಿರಳ. ಆದರೆ ಕಾಡಿಗೆ ಹೊರಟ ಶಿಕಾರಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಅದೇ ಆಗಿದ್ದಿತು. ಅವನ ಪ್ರಾಣ ಮಾತ್ರವಲ್ಲ, ಆ ಕಾಡಿನಂಚಿನ ಹಳ್ಳಿಗಳ ಪ್ರಾಣವೂ ಎಷ್ಟೋ ಸಲ ಆ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿದ್ದಿತು. ಅದರ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಕೋವಿಯ ಅಳತೆಯ ಲೆಕ್ಕವೇ ಮೊದಲು ವಿಚಿತ್ರವಾದುದು. ಒಂದು ಪೌಂಡು ಸೀಸವನ್ನು ಕರಗಿಸಿ 12 ಸಮನಾದ ಉಂಡೆಗಳನ್ನು ಎರೆದರೆ, ಅಂಥ ಒಂದು ಉಂಡೆ ಹಿಡಿಸುವ ನಳಿಗೆ 12 ಬೋರಿನದು. ಎಂಟೇ ಉಂಡೆಗಳಾದರೆ 8 ಬೋರು. ನಾಲ್ಕೇ ಆದರೆ 4 ಬೋರು. ಆದುದರಿಂದ ಸಂಖ್ಯೆ ಇಳಿದಷ್ಟೂ ನಳಿಗೆ ದಪ್ಪವಾಗುತ್ತದೆ. 4 ಬೋರಿನ ಗುಂಡೆಂದರೆ ಕಾಲು ಪೌಂಡು, ಎಂದರೆ ಸುಮಾರು 113 ಗ್ರಾಂ. ನಮ್ಮ ಹಿರಿಯರ ಲೆಕ್ಕದಲ್ಲಿ ಹತ್ತು ತೊಲಕ್ಕೆ ತುಸು ಕಡಿಮೆ. ಅಗಲ ಒಂದು ಅಂಗುಲಕ್ಕೂ ಮಿಗಿಲು. ಇಷ್ಟು ತೂಕದ ಸೀಸವನ್ನು ಒಂದೇ ಈಡಿಗೆ ಹಾರಿಸುವ ಕೋವಿಯನ್ನು ಹೆಗಲಿಗಾನಿಸಿ ನಿಲ್ಲುವುದು ಹೇಗಿದ್ದೀತೆಂಬುದನ್ನು ನೀವೇ ಊಹಿಸಿಕೊಳ್ಳಿ.

ಇಷ್ಟು ದಪ್ಪ ಗುಂಡು ಏಕೆ ಬೇಕಾಗಿದ್ದಿತು? ಕಾರಣ ಮದ್ದಿನಲ್ಲಿದೆ. ಪೆಟ್ಲುಪ್ಪು, ಇದ್ದಲು, ಗಂಧಕಗಳನ್ನು ಅರೆದು ಮಾಡಿದ ಕರಿಮದ್ದಿಗೆ ಗುಂಡನ್ನು ಒಂದು ಮಿತಿಗಿಂತ ವೇಗವಾಗಿ ಓಡಿಸುವ ಶಕ್ತಿ ಇರಲಿಲ್ಲ. ಸೆಕೆಂಡಿಗೆ ಸುಮಾರು 1,500 ಅಡಿ ದೊರೆತರೆ ಅದೇ ಹೆಚ್ಚು. ವೇಗವನ್ನು ಏರಿಸಲಾಗದಿದ್ದ ಮೇಲೆ ಪೆಟ್ಟಿನ ಬಲವನ್ನು ಏರಿಸಲು ಉಳಿದ ದಾರಿ ತೂಕವೊಂದೇ. ಸಾಲದುದಕ್ಕೆ ಬರಿಯ ಸೀಸ ಮೆತ್ತಗಿನ ಲೋಹ. ಗಟ್ಟಿ ಮೂಳೆಗೆ ತಾಗಿದೊಡನೆ ಚಪ್ಪಟೆಯಾಗುತ್ತದೆ. ಅದನ್ನು ಗಡಸು ಮಾಡಲು ತವರವನ್ನೋ ಪಾದರಸವನ್ನೋ ಬೆರೆಸುತ್ತಿದ್ದರು.

ಈ ತೂಕದ ಕಾಲದ ದೊಡ್ಡ ಹೆಸರು ಸ್ಯಾಮ್ಯುಯಲ್ ಬೇಕರ್. ಬ್ರಿಸ್ಟಲ್ ನಗರದ ಗಿಬ್ಸ್ ಎಂಬ ಕೋವಿ ತಯಾರಕನಿಂದ 1840ರಲ್ಲಿ ಈತ ಮಾಡಿಸಿಕೊಂಡ ರೈಫಲ್ 21 ಪೌಂಡು ತೂಗುತ್ತಿದ್ದಿತು. ಅದನ್ನು ಹೊತ್ತು ಸಿಂಹಳದ ಕಾಡುಗಳಲ್ಲಿ ಆನೆಯ ಬೇಟೆಯಾಡಿದ. ಮುಂದೆ ನೈಲ್ ನದಿಯ ಮೂಲವನ್ನು ಅರಸಿ ಆಫ್ರಿಕಕ್ಕೆ ಹೋದಾಗ ಅರ್ಧ ಪೌಂಡಿನ ಸಿಡಿಗುಂಡನ್ನು ಹಾರಿಸುವ ಇನ್ನೊಂದು ಆಯುಧ ಅವನೊಡನಿದ್ದಿತು. ಅವನು ಅದಕ್ಕೆ ಇಟ್ಟ ಹೆಸರು ‘ಬೇಬಿ’. ಜೊತೆಯಲ್ಲಿದ್ದ ಅರಬರು ‘ಫಿರಂಗಿಯ ಮಗು’ ಎಂದು ಕರೆದರು. ಅದರ ಒದೆತಕ್ಕೆ ಹೆದರಿ ಒಡೆಯನೇ ಅದನ್ನು ಅಪರೂಪಕ್ಕೆ ಮಾತ್ರ ಮುಟ್ಟುತ್ತಿದ್ದನಂತೆ. ದಕ್ಷಿಣ ಆಫ್ರಿಕದ ಪ್ರಸಿದ್ಧ ಬೇಟೆಗಾರ ಫ್ರೆಡರಿಕ್ ಸೆಲೂಸ್ 1870ರ ದಶಕದ ಮೊದಲಲ್ಲಿ 4 ಬೋರಿನ ಕೋವಿಗಳಿಂದಲೇ ಆನೆ ಹೊಡೆದವನು. ಆ ಒದೆತಗಳು ತನ್ನ ನರಗಳನ್ನು ಹಾಳುಮಾಡಿ ಮುಂದೆ ಗುರಿಯನ್ನೂ ಕೆಡಿಸಿದವೆಂದು ಅವನು ಕೊನೆಯವರೆಗೆ ಪರಿತಪಿಸಿದ. ಆನೆಯನ್ನು ಬೀಳಿಸುವ ಗುಂಡು ಹೊಡೆದವನನ್ನೂ ಸ್ವಲ್ಪ ಸ್ವಲ್ಪವಾಗಿ ಬೀಳಿಸುತ್ತಿದ್ದಿತು.

ನಮ್ಮ ಸೀಮೆಯಲ್ಲಿ ಈ ವಿದ್ಯೆಯನ್ನು ಬಲ್ಲವನೆಂದರೆ ಜಿ. ಪಿ. ಸ್ಯಾಂಡರ್ಸನ್. ಮೈಸೂರು ಸಂಸ್ಥಾನದಲ್ಲಿ ನಾಲೆಗಳ ಮೇಲ್ವಿಚಾರಣೆಗೆಂದು ಇದ್ದ ಈತ ಚಾಮರಾಜನಗರದ ಬಳಿ ನೆಲೆಸಿ, 1874ರಲ್ಲಿ ಅಲ್ಲಿಯೇ ಆನೆಗಳ ಹಿಂಡನ್ನು ಖೆಡ್ಡಾಕ್ಕೆ ಕೆಡವಿ ಹೆಸರಾದ. ತನ್ನ 13 ವರ್ಷಗಳ ಕಾಡಿನ ಅನುಭವವನ್ನು 1878ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಕಾಕನಕೋಟೆಯ ಪುಂಡಾನೆಯೊಂದನ್ನು ಹೊಡೆದ ಕಥೆಯೂ ಅದರಲ್ಲಿದೆ. ಆನೆಗೆ ಭಾರಿ ಜೋಡುನಳಿಗೆಯ 4 ಬೋರನ್ನೇ ಬಳಸುತ್ತಿದ್ದ ಈತ, ಅದರ ಜೊತೆಗೇ ಆನೆಯ ತಲೆಬುರುಡೆಯನ್ನೂ ಚೆನ್ನಾಗಿ ಪರಿಶೀಲಿಸಿದ್ದ. ಆನೆಯ ತಲೆ ದೊಡ್ಡದಾದರೂ ಅದರೊಳಗಿನ ಮಿದುಳಿನ ಮನೆ ಚಿಕ್ಕದು; ಅದೂ ಹಿಂದಕ್ಕೆ, ಕೆಳಕ್ಕೆ ಅಡಗಿದೆ. ಹಣೆಯ ಭಾಗವೆಲ್ಲ ಜೇನುಗೂಡಿನಂತೆ ಗಾಳಿಗೂಡುಗಳಿರುವ ಮೂಳೆ. ಆ ಗೂಡಿನಲ್ಲಿ ಎಷ್ಟು ದಪ್ಪ ಗುಂಡು ಹೊಕ್ಕರೂ ಮಿದುಳಿಗೆ ತಾಗದಿದ್ದರೆ ಆನೆ ತಲೆ ಕೊಡವಿ ಹೊರಟುಹೋಗುತ್ತದೆ, ಇಲ್ಲವೇ ಹೊಡೆದವನ ಮೇಲೆ ಬೀಳುತ್ತದೆ. ಹಣೆಯಿಂದ, ಕಪಾಲದಿಂದ, ಕಿವಿಯ ಹಿಂದಿನಿಂದ ಮಿದುಳನ್ನು ಮುಟ್ಟುವ ದಾರಿಗಳು ಬೇರೆ ಬೇರೆ. ಅವನ್ನು ಅರಿಯದವನ ಕೈಯಲ್ಲಿ 4 ಬೋರೂ ಒಂದು ಸದ್ದಿನ ಆಯುಧವೇ ಸರಿ.

19ನೆಯ ಶತಮಾನದ ಕೊನೆಯಲ್ಲಿ ಈ ತೂಕದ ಶಾಸ್ತ್ರವೆಲ್ಲ ತಲೆಕೆಳಗಾಯಿತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಎಂಬ ರಸಾಯನಜ್ಞ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ. ಕೆಲವೇ ವರ್ಷಗಳಲ್ಲಿ ಬ್ರಿಟಿಷರು ನೈಟ್ರೋಗ್ಲಿಸರಿನ್ ಮತ್ತು ಗನ್‌ಕಾಟನ್ ಸೇರಿಸಿ ದಾರದಂತೆ ಎಳೆದ ‘ಕಾರ್ಡೈಟ್’ ತಯಾರಿಸಿದರು. ನೀಲಗಿರಿಯ ಅರುವಂಕಾಡಿನಲ್ಲಿ 20ನೆಯ ಶತಮಾನದ ಆರಂಭದಲ್ಲೇ ಅದರ ಕಾರ್ಖಾನೆ ಎದ್ದಿತು. ಗುಂಡಿನ ತೂಕ ಇಮ್ಮಡಿಯಾದರೆ ಬಲ ಇಮ್ಮಡಿ. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿ. ಈ ಗಣಿತದ ಲಾಭವನ್ನು ಪಡೆದು 1898ರಲ್ಲಿ ಲಂಡನ್ನಿನ ರಿಗ್ಬಿ ಎಂಬ ಕೋವಿಯ ಮನೆ ‘.450 ನೈಟ್ರೋ ಎಕ್ಸ್‌ಪ್ರೆಸ್’ ತೋಟಾವನ್ನು ಹೊರತಂದಿತು. ಅದರ ಗುಂಡು 480 ಗ್ರೇನ್, ಎಂದರೆ 31 ಗ್ರಾಂ. ಮೂರು ತೊಲವೂ ಇಲ್ಲ. ಆದರೆ ಅದರ ವೇಗ ಸೆಕೆಂಡಿಗೆ 2,150 ಅಡಿ. 4 ಬೋರಿನ ಗುಂಡಿನ ಕಾಲುಭಾಗದಷ್ಟು ತೂಗುವ ಈ ಗುಂಡು ಆನೆಯ ತಲೆಯಲ್ಲಿ ಅದಕ್ಕಿಂತ ಆಳಕ್ಕೆ ಇಳಿಯುತ್ತಿದ್ದಿತು. ಕೋವಿಯ ತೂಕವೂ ಅರ್ಧಕ್ಕೆ ಹತ್ತಿರ ಇಳಿಯಿತು. ಎದುರಿಗೆ ಹೊಗೆಯ ಪರದೆ ಇಲ್ಲದ್ದರಿಂದ ಮೊದಲ ಈಡಿನ ನಂತರ ಪ್ರಾಣಿ ಎಲ್ಲಿದೆ ಎಂಬುದೂ ಶಿಕಾರಿಗೆ ಕಾಣಿಸುವಂತಾಯಿತು.

ಹೊಸ ಮದ್ದಿಗೆ ಹೊಸ ಚಾಳಿಯೂ ಇದ್ದಿತು. ಕಾರ್ಡೈಟ್ ಬಿಸಿಯಾದರೆ ಹೆಚ್ಚು ರಭಸದಿಂದ ಉರಿಯುತ್ತದೆ. ಇಂಗ್ಲೆಂಡಿನ ತಂಪಿನಲ್ಲಿ ಸರಿಯಾಗಿ ನಡೆದ ತೋಟಾ ನಮ್ಮ ಬೇಸಗೆಯ ಬಿಸಿಲಿನಲ್ಲಿ ಕಾದರೆ ನಳಿಗೆಯೊಳಗಿನ ಒತ್ತಡ ಮಿತಿ ಮೀರಿ, ಹಿತ್ತಾಳೆಯ ಖಾಲಿ ಕೊಳವೆ ಒಳಗೇ ಕಚ್ಚಿಕೊಂಡುಬಿಡುತ್ತಿದ್ದಿತು. ಗಾಯಗೊಂಡ ಕಾಟಿ ನುಗ್ಗಿ ಬರುವಾಗ ಕೋವಿಯನ್ನು ಮಡಿಚಿ ಖಾಲಿ ತೋಟಾ ಹೊರಬಾರದೆ ನಿಂತವನ ಪಾಡನ್ನು ನೆನೆದುಕೊಳ್ಳಿ! ಆದುದರಿಂದ ಭಾರತಕ್ಕೂ ಆಫ್ರಿಕಕ್ಕೂ ಮದ್ದಿನ ಪ್ರಮಾಣವನ್ನು ಕಡಿಮೆ ಮಾಡಿದ ‘ಉಷ್ಣವಲಯದ’ ತೋಟಾಗಳನ್ನು ಪ್ರತ್ಯೇಕವಾಗಿ ತಯಾರಿಸಿದರು. ಹೆಸರೊಂದೇ ನೋಡಿ ಕೊಂಡರೆ ಸಾಲದು, ಪೆಟ್ಟಿಗೆಯ ಮೇಲಿನ ಬರಹವನ್ನೂ ಓದಬೇಕೆಂಬ ಪಾಠ ಅಲ್ಲಿಂದ ಬಂದಿತು.

ಇನ್ನೊಂದು ಆಯ್ಕೆ ಗುಂಡಿನ ಮೂತಿಯದು. ಸುತ್ತಲೂ ಗಟ್ಟಿ ಲೋಹದ ಕವಚವಿರುವ ಗುಂಡು ಆಕಾರ ಕೆಡದೆ ನೇರವಾಗಿ ಆಳಕ್ಕೆ ಹೋಗುತ್ತದೆ; ಆನೆಗೆ ಬೇಕಾದುದು ಇದು. ಮೂತಿಯಲ್ಲಿ ಸೀಸ ಬಿಟ್ಟುಕೊಂಡ ಮೆತ್ತನೆಯ ಗುಂಡು ದೇಹ ಹೊಕ್ಕೊಡನೆ ಅಣಬೆಯಂತೆ ಅರಳುತ್ತದೆ; ತೆಳು ಚರ್ಮದ ಹುಲಿಗೆ ಬೇಕಾದುದು ಅದು. ಅದಲುಬದಲಾದರೆ ಅನರ್ಥ. ಗಟ್ಟಿ ಗುಂಡು ಹುಲಿಯ ದೇಹದ ಈ ಕಡೆಯಿಂದ ಆ ಕಡೆಗೆ ಸಣ್ಣ ತೂತು ಕೊರೆದು ಹೋಗಿಬಿಡುತ್ತದೆ. ಹುಲಿ ಗಾಯದೊಡನೆ ಪೊದೆ ಸೇರುತ್ತದೆ. ಮೆತ್ತನೆಯ ಗುಂಡು ಆನೆಯ ಹಣೆಯ ಮೂಳೆಯಲ್ಲೇ ಅರಳಿ ನಿಂತುಬಿಡುತ್ತದೆ. ಈ ಅರಳುವ ಗುಂಡಿಗೆ ಜಗತ್ತಿನಲ್ಲೆಲ್ಲ ಹೆಸರು ಕೊಟ್ಟದ್ದು ಕಲ್ಕತ್ತೆಯ ಹತ್ತಿರದ ಡಂಡಂ ಶಸ್ತ್ರಾಗಾರ. 1890ರ ದಶಕದಲ್ಲಿ ಗಡಿನಾಡಿನ ಯುದ್ಧಗಳಿಗೆಂದು ಅಲ್ಲಿ ತಯಾರಾದ ಗುಂಡನ್ನು ಮನುಷ್ಯರ ಮೇಲೆ ಬಳಸುವುದು ಕ್ರೌರ್ಯವೆಂದು 1899ರ ಹೇಗ್ ಸಮ್ಮೇಳನ ಸಾರಿತು. ಯುದ್ಧದಲ್ಲಿ ಯಾವುದು ಕ್ರೌರ್ಯವೋ ಬೇಟೆಯಲ್ಲಿ ಅದೇ ಕರುಣೆ. ಏಕೆಂದರೆ ಅದು ಬೇಗ ಕೊಲ್ಲುತ್ತದೆ.

ತೋಟಾದ ಆಯ್ಕೆಯಲ್ಲಿ ರಾಜಕೀಯವೂ ಕೈಹಾಕಿತು. ಬ್ರಿಟಿಷ್ ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕಿನ ನಳಿಗೆಯ ಅಳತೆಯೂ .450 ಆಗಿದ್ದಿತು. ಶಿಕಾರಿಗಳ ಗುಂಡು ದಂಗೆಕೋರರ ಕೈಸೇರಿ ಆ ಬಂದೂಕುಗಳಿಗೆ ಒದಗೀತೆಂಬ ಭಯದಿಂದ 1907ರಲ್ಲಿ ಸರ್ಕಾರ ಭಾರತದಲ್ಲಿಯೂ ಸುಡಾನಿನಲ್ಲಿಯೂ .450 ಅಳತೆಯ ರೈಫಲುಗಳನ್ನು ನಿಷೇಧಿಸಿತು. ಕೋವಿಯ ಮನೆಗಳು ಸುಮ್ಮನಿರಲಿಲ್ಲ. ಕೂದಲೆಳೆಯಷ್ಟು ಅಗಲ ಮಾಡಿ .465, .470, .475, .476 ಎಂದು ಸಾಲುಸಾಲಾಗಿ ತೋಟಾಗಳು ಪೇಟೆಗೆ ಬಂದವು. ಇವುಗಳ ಬಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಇಷ್ಟೊಂದು ಹೆಸರುಗಳು ಹುಟ್ಟಲು ಕಾನೂನೇ ಮುಖ್ಯ ಕಾರಣ. ಜೋಡುನಳಿಗೆಯ ಬೆಲೆ ತೆರಲಾಗದವರಿಗೆ ಮ್ಯಾಗಜೀನ್ ರೈಫಲುಗಳು ಬಂದವು: 1911ರ .416 ರಿಗ್ಬಿ, 1912ರ .375 ಹಾಲೆಂಡ್. ಎರಡನೆಯದು ಹುಲಿಗೂ ಆದೀತು, ಕಾಟಿಗೂ ಆದೀತು, ತಕ್ಕ ಗುಂಡಿದ್ದರೆ ಆನೆಗೂ ಆದೀತು ಎಂಬ ಕೀರ್ತಿ ಪಡೆಯಿತು.

ಅಷ್ಟರಲ್ಲಿ ಬೆಲ್ ಎಂಬ ಸ್ಕಾಟ್ಲೆಂಡಿನವನೊಬ್ಬ ಎಲ್ಲರನ್ನೂ ಬೆರಗುಗೊಳಿಸಿದ. ಆಫ್ರಿಕದಲ್ಲಿ ಸಾವಿರಕ್ಕೂ ಮಿಕ್ಕಿ ಆನೆಗಳನ್ನು ಕೊಂದ ಈತ, ಅವುಗಳಲ್ಲಿ ಬಹುಪಾಲನ್ನು ಹೊಡೆದುದು ಸೈನಿಕರ 7 ಮಿಲಿಮೀಟರಿನ ಗುಂಡಿನಿಂದ. ಅದರ ತೂಕ ಒಂದು ತೊಲಕ್ಕಿಂತಲೂ ಕಡಿಮೆ! ಹಾಗಾದರೆ ಇಷ್ಟು ಕಾಲದ ದೊಡ್ಡ ಬೋರುಗಳೆಲ್ಲ ವ್ಯರ್ಥವೇ ಎಂದು ನೀವು ಕೇಳಬಹುದು. ಬೆಲ್ ಆನೆಯ ಬುರುಡೆಯನ್ನು ಕೊಯ್ದು ನೋಡಿ ಮಿದುಳಿನ ಜಾಗವನ್ನು ಮನನ ಮಾಡಿಕೊಂಡಿದ್ದ. ಅವನ ಕೈ ನಡುಗುತ್ತಿರಲಿಲ್ಲ. ಗುಂಡೂ ಗಟ್ಟಿ ಕವಚದ್ದು. ಆ ಮೂರೂ ಇಲ್ಲದವನು ಬಿದಿರುಮೆಳೆಯ ಮಧ್ಯೆ ಇಪ್ಪತ್ತು ಹೆಜ್ಜೆಯ ದೂರದಲ್ಲಿ ಅದೇ ಗುಂಡು ಹಾರಿಸಿದರೆ ಆನೆ ಸಾಯುವುದಿಲ್ಲ, ಕೆರಳುತ್ತದೆ. ದೊಡ್ಡ ಗುಂಡಾದರೆ ಮಿದುಳು ತಪ್ಪಿದರೂ ಆ ಪೆಟ್ಟಿನಿಂದ ಆನೆ ಒಂದು ಕ್ಷಣ ಕುಸಿಯಬಹುದು. ಎರಡನೆಯ ಈಡಿಗೆ ಆ ಕ್ಷಣವೇ ಸಾಕು. ಬೆಲ್ಲನ ಗುಂಡನ್ನು ಅನುಕರಿಸಿ ಅವನ ಅಭ್ಯಾಸವನ್ನು ಅನುಕರಿಸದವರು ಬಿಟ್ಟುಹೋದುದು ಗಾಯಗೊಂಡ ಪ್ರಾಣಿಗಳನ್ನು.

ಗಾಯಗೊಂಡ ಪ್ರಾಣಿ ಎಂದೆನಲ್ಲ, ಇಡೀ ವಿಷಯದ ಮರ್ಮ ಅಲ್ಲಿದೆ. 1907ರಲ್ಲಿ ಕುಮಾವೂನಿನ ಚಂಪಾವತದಲ್ಲಿ ಜಿಮ್ ಕಾರ್ಬೆಟ್ ಒಂದು ಹೆಣ್ಣುಹುಲಿಯನ್ನು ಕೊಂದರು. ನೇಪಾಳದಲ್ಲಿಯೂ ಕುಮಾವೂನಿನಲ್ಲಿಯೂ ಅದು 436 ಜನರನ್ನು ತಿಂದಿತ್ತೆಂದು ಅವರು ಬರೆದಿದ್ದಾರೆ. ಅಂದು ಅವರು ಜೇಬಿನಲ್ಲಿಟ್ಟುಕೊಂಡಿದ್ದ ತೋಟಾಗಳು ಮೂರೇ. ಮೂರೂ ಮುಗಿದರೂ ಹುಲಿ ನಿಂತಿದ್ದಿತು. ಓಡಿಹೋಗಿ ತಹಸೀಲ್ದಾರನ ಹಳೆಯ ಕೋವಿಯನ್ನು ಇಸಿದುಕೊಂಡು ಕೆಲಸ ಮುಗಿಸಬೇಕಾಯಿತು. ಸತ್ತ ಹುಲಿಯ ಬಾಯಿ ತೆರೆದು ನೋಡಿದಾಗ ಬಲಗಡೆಯ ಮೇಲಿನ ಕೋರೆಹಲ್ಲು ಅರ್ಧಕ್ಕೆ, ಕೆಳಗಿನದು ಬುಡದವರೆಗೆ ಮುರಿದಿದ್ದವು. ಹಿಂದೆಂದೋ ತಗುಲಿದ ಗುಂಡಿನ ಫಲ ಅದು. ಕಾಡಿನ ಬೇಟೆಯನ್ನು ಕಚ್ಚಿ ಕೊಲ್ಲಲಾಗದೆ ಅದು ಮನುಷ್ಯರ ಮೇಲೆ ತಿರುಗಿತೆಂದು ಕಾರ್ಬೆಟ್ ತೀರ್ಮಾನಿಸಿದರು. ಆ ಗುಂಡು ಹಾರಿಸಿದವನು ಯಾರೋ. ತಪ್ಪಿತೆಂದು ಮನೆಗೆ ಹೋಗಿ ಉಂಡು ಮಲಗಿದ್ದಿರಬೇಕು. ಬೆಲೆ ತೆತ್ತವರು ಹುಲ್ಲಿಗೂ ಸೌದೆಗೂ ಕಾಡಿಗೆ ಹೋದವರು. ಬೆಂಗಳೂರಿನ ಕೆನೆತ್ ಆಂಡರ್ಸನ್ ತಮ್ಮ .405 ವಿಂಚೆಸ್ಟರ್ ಹಿಡಿದು ನಮ್ಮ ಸುತ್ತಿನ ಕಾಡುಗಳಲ್ಲಿ ಬೆನ್ನಟ್ಟಿದ ನರಭಕ್ಷಕಗಳ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ನೀವು ಓದಿರುತ್ತೀರಿ. ಕೇಪಿನ ಕೋವಿಯ ಚರೆಯೋ ಅರೆಬರೆ ಶಿಕಾರಿಯ ಗುಂಡೋ ತಗುಲಿದ ಪ್ರಾಣಿ ಅವರ ಬರಹಗಳಲ್ಲಿಯೂ ಮತ್ತೆ ಮತ್ತೆ ಬರುತ್ತದೆ. ಹಗುರವಾದ ಗುಂಡಿನ ನಿಜವಾದ ಭಾರ ಇದು.

ಆ ಕಾಲ ಮುಗಿಯಿತು. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದುದು 1971ರಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ದೊಡ್ಡ ಬೇಟೆಗೆ ತೆರೆ ಎಳೆಯಿತು. 1973ರಲ್ಲಿ ಬಂಡೀಪುರ ಹುಲಿಗಳ ರಕ್ಷಿತಧಾಮವಾಯಿತು. ಭಾರಿ ಕೋವಿಗಳು ಗೋಡೆಯ ಅಲಂಕಾರವಾದವು. ಆದರೆ ಹಳೆಯ ಪ್ರಶ್ನೆ ಹೊಸ ವೇಷದಲ್ಲಿ ಉಳಿದಿದೆ. ಇಂದು ಹಾಸನ, ಕೊಡಗುಗಳ ಕಾಫಿತೋಟಗಳಿಗೆ ಇಳಿದು ಪ್ರಾಣಹಾನಿ ಮಾಡಿದ ಸಲಗವನ್ನು ಹಿಡಿಯಬೇಕಾದಾಗ, ಪಳಗಿದ ಆನೆಗಳ ನಡುವೆ ನಿಂತ ಪಶುವೈದ್ಯರು ದೂರದಿಂದಲೇ ಅದರ ಎತ್ತರ, ಮೈಕಟ್ಟುಗಳನ್ನು ನೋಡಿ ತೂಕವನ್ನು ಅಂದಾಜು ಮಾಡುತ್ತಾರೆ. ಅದಕ್ಕೆ ತಕ್ಕಂತೆ ಅರಿವಳಿಕೆಯ ಮದ್ದನ್ನು ಸೂಜಿಬಾಣಕ್ಕೆ ತುಂಬುತ್ತಾರೆ. ಕಡಿಮೆಯಾದರೆ ಆನೆ ಅರೆಮಂಪರಿನಲ್ಲಿ ತಪ್ಪಿಸಿಕೊಂಡು ಅಪಾಯಕ್ಕೆ ಬೀಳುತ್ತದೆ, ಇಲ್ಲವೇ ತಿರುಗಿ ಬೀಳುತ್ತದೆ. ಹೆಚ್ಚಾದರೆ ಅದರ ಉಸಿರೇ ನಿಲ್ಲಬಹುದು. ಈ ಆನೆಗೆ ಎಷ್ಟು ಸಾಕು ಎಂದು ಬೇಕರ್, ಸ್ಯಾಂಡರ್ಸನ್ನರು ಕೇಳಿದ ಪ್ರಶ್ನೆಯನ್ನೇ ಅವರೂ ಕೇಳುತ್ತಿದ್ದಾರೆ. ಅಂದು ಸರಿಯುತ್ತರ ದೊರೆತರೆ ಆನೆ ಬೀಳುತ್ತಿದ್ದಿತು. ಇಂದು ಸರಿಯುತ್ತರ ದೊರೆತರೆ ಅದು ಮತ್ತೆ ಎದ್ದು ನಿಲ್ಲುತ್ತದೆ.