ನಂಬಿ ಕೊಟ್ಟ ಹಣ

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕು ಮಾವಿನ ತೋಪುಗಳಿಗೆ ಹೆಸರಾದ ಸೀಮೆ. ಹಿಂದೆ ಪಾಪನಪಲ್ಲಿ ಎಂದಿದ್ದ ಊರು ದಿವಾನ್ ಪೂರ್ಣಯ್ಯನವರ ಮಗನ ಹೆಸರನ್ನು ಹೊತ್ತು ಶ್ರೀನಿವಾಸಪುರವಾಯಿತು. ಆ ತಾಲ್ಲೂಕಿನ ಹೋಬಳಿಗಳಲ್ಲಿ ಯಲ್ದೂರು ಒಂದು. ಹೋಬಳಿ ಎಂಬ ಮಾತು ಇಂದು ನಮಗೆ ಪಹಣಿಯನ್ನೂ ಕಂದಾಯದ ಕಚೇರಿಯನ್ನೂ ನೆನಪಿಗೆ ತರುತ್ತದೆ. ಆದರೆ ಹಳೆಯ ಮೈಸೂರು ಸೀಮೆಯ ವಿದ್ಯಾಭ್ಯಾಸದ ಇತಿಹಾಸದಲ್ಲಿಯೂ ಆ ಮಾತಿಗೆ ಒಂದು ಗೌರವದ ಸ್ಥಾನ ಉಂಟು. 1868ರಲ್ಲಿ, ವಿದ್ಯಾ ಇಲಾಖೆಯ ಮುಖ್ಯಸ್ಥರ ಹೊಣೆ ಹೊತ್ತಿದ್ದ ಬಿ. ಎಲ್. ರೈಸ್ ಅವರು ಹೋಬಳಿಗೊಂದು ಶಾಲೆ ಇರಬೇಕೆಂಬ ಯೋಜನೆಯನ್ನು ಸರ್ಕಾರದ ಮುಂದಿಟ್ಟರು. ಶಾಲೆ ಬೇಕೆನ್ನುವ ಜನ ಕಟ್ಟಡ ಒದಗಿಸಬೇಕು. ಆ ಕಡೆಯವರೇ ಆದ ಉಪಾಧ್ಯಾಯರಿಗೆ ತರಬೇತಿ ಕೊಟ್ಟು ಕಳುಹಿಸಬೇಕು. ಭೂಕಂದಾಯದ ಜೊತೆಗೆ ವಸೂಲಾಗುವ ಉಪಕರದಲ್ಲಿ ಒಂದು ಪಾಲು ಶಾಲೆಗಳಿಗೆ ಸಲ್ಲಬೇಕು. ಸ್ಥೂಲವಾಗಿ ಇದು ಅದರ ರೂಪ.

ಈ ಏರ್ಪಾಡಿನಲ್ಲಿ ಅಡಗಿರುವ ಒಂದು ಸಂಗತಿಯನ್ನು ಗಮನಿಸಬೇಕು. ಸ್ವತಃ ಅಕ್ಷರ ಕಾಣದ ರೈತ, ತನ್ನ ಹೊಲದ ಫಸಲಿನಿಂದ, ಇನ್ನೊಬ್ಬರ ಮಕ್ಕಳೂ ಓದಲಿ ಎಂದು ಒಂದು ಪಾಲು ಕೊಡುತ್ತಾನೆ. ಆ ಹಣ ಎಲ್ಲಿಗೆ ಹೋಯಿತು, ಹೇಗೆ ಖರ್ಚಾಯಿತು ಎಂಬುದನ್ನು ಅವನು ನೋಡಲಾರ. ಬರೆದಿಟ್ಟ ಲೆಕ್ಕವನ್ನು ಮುಂದಿಟ್ಟರೂ ಓದಲಾರ. ಅವನು ಕೊಡುವುದು ನಂಬಿ. ಶಾಲೆಯ ಹಣವೆಲ್ಲ ಇಂಥ ನಂಬಿಕೆಯ ಹಣವೇ. ಅದನ್ನು ಕೈಯಲ್ಲಿ ಹಿಡಿದವನು ತನ್ನದಾಗಿಸಿಕೊಂಡರೆ ಅದಕ್ಕೆ ಏನೆಂದು ಹೆಸರು, ಅದನ್ನು ತಡೆಯಲು ನಮ್ಮ ಹಿರಿಯರು ಏನು ಮಾಡಿದರು, ಇಂದಿನ ಕಾನೂನು ಏನು ಹೇಳುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

ಶಾಸನಗಳಿಂದ ಆರಂಭಿಸೋಣ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿರುವ ಸಾಲೋಟಗಿಯಲ್ಲಿ ಕ್ರಿ.ಶ. 945ರ ಪ್ರಸಿದ್ಧ ಶಾಸನವೊಂದಿದೆ. ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿ ಓದುತ್ತಿದ್ದರು. ಅವರ ವಸತಿಗೆ 27 ಮನೆಗಳು, ಜೀವನಕ್ಕೆ 500 ನಿವರ್ತನ ಭೂಮಿ, ದೀಪಕ್ಕೆಂದು 12 ನಿವರ್ತನ, ಉಪಾಧ್ಯಾಯನಿಗೆ ಬೇರೆಯೇ 50 ನಿವರ್ತನ. ಇಷ್ಟು ಸಾಲದೆಂಬಂತೆ ಊರಿನಲ್ಲಿ ಮದುವೆಯಾದರೆ ಐದು ನಾಣ್ಯ, ಉಪನಯನವಾದರೆ ಅದರ ಅರ್ಧ, ಚೌಲವಾದರೆ ಅದರ ಅರ್ಧ ಶಾಲೆಗೆ ಸಲ್ಲಬೇಕೆಂದು ಕಟ್ಟುಮಾಡಿದರು. ಒಂದೊಂದು ಬಾಬತ್ತಿಗೂ ಒಂದೊಂದು ಆದಾಯ. ದೀಪದ ಭೂಮಿಯ ಆದಾಯ ದೀಪಕ್ಕೇ ಸಲ್ಲಬೇಕು, ಊಟದ ಭೂಮಿಯದು ಊಟಕ್ಕೇ ಸಲ್ಲಬೇಕು. ಇಂದು ನಾವು ಅನುದಾನದ ಶೀರ್ಷಿಕೆ ಎನ್ನುವುದನ್ನು ಅವರು ಸಾವಿರ ವರ್ಷಗಳ ಹಿಂದೆಯೇ ಕಲ್ಲಿನ ಮೇಲೆ ಬರೆದಿಟ್ಟಿದ್ದರು. ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನದ 1058ರ ಶಾಸನವೂ ಹೀಗೆಯೇ ವಿದ್ಯಾರ್ಥಿಗಳನ್ನೂ ಉಪಾಧ್ಯಾಯರನ್ನೂ ಗ್ರಂಥಗಳನ್ನು ಕಾಯುವ ಸರಸ್ವತೀ ಭಂಡಾರಿಗರನ್ನೂ ಎಣಿಸಿ ಎಣಿಸಿ ಹೇಳುತ್ತದೆ.

ದತ್ತಿಯ ವಿವರ ಮುಗಿದ ಮೇಲೆ ಶಾಸನಗಳ ಕೊನೆಯಲ್ಲಿ ಶಾಪ ಬರುವುದು ವಾಡಿಕೆ. ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ದತ್ತಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರುಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುವನು. ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪಕ್ಕೆ ಗುರಿಯಾಗುವನು. ಇದನ್ನು ಓದಿ ನಗುವವರುಂಟು. ನನಗೆ ಹಾಗೆ ನಗು ಬಂದದ್ದಿಲ್ಲ. ಕೊಡುವುದಕ್ಕಿಂತಲೂ ಕೊಟ್ಟದ್ದನ್ನು ಕಾಪಾಡುವುದು ಹೆಚ್ಚಿನ ಪುಣ್ಯವೆಂಬ ಮಾತು ಆ ಶಾಪದ ಬಳಿಯಲ್ಲಿಯೇ ಅನೇಕ ಶಾಸನಗಳಲ್ಲಿ ಬರುತ್ತದೆ. ದಾನಿ ಒಂದು ದಿನ ಕೊಟ್ಟು ಹೋಗುತ್ತಾನೆ. ಕಾಯುವವನು ದಿನದಿನವೂ ಆಸೆಯನ್ನು ಗೆಲ್ಲಬೇಕು. ಈ ಮನುಷ್ಯಸ್ವಭಾವ ತಿಳಿದವರು ಬರೆಯಿಸಿದ ಶಾಪ ಅದು. ಅಲ್ಲದೆ, ಶಾಸನವೆಂಬುದು ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಕಡತವಲ್ಲ. ದತ್ತಿ ಎಷ್ಟು, ಯಾವುದಕ್ಕೆ ಎಂಬುದು ಊರ ನಡುವೆ ನಿಂತ ಕಲ್ಲಿನ ಮೇಲಿತ್ತು. ಓದಬಲ್ಲವನೊಬ್ಬ ಓದಿ ಹೇಳಿದರೆ ಕೇಳಿದವರಿಗೆಲ್ಲ ತಿಳಿಯುತ್ತಿತ್ತು. ಶಾಪಕ್ಕಿಂತ ಹೆಚ್ಚಾಗಿ ಈ ಬಹಿರಂಗತೆಯೇ ದತ್ತಿಯನ್ನು ಕಾದಿರಬೇಕು.

ಹೋಬಳಿ ಶಾಲೆಗಳ ಯೋಜನೆ ತಂದ ರೈಸ್ ಅವರೇ ಮುಂದೆ ಮೈಸೂರಿನ ಶಾಸನಗಳನ್ನು ಹುಡುಕಿ ಅಚ್ಚು ಹಾಕಿಸಿದವರು ಎಂಬುದು ಇಲ್ಲಿ ಸ್ವಾರಸ್ಯದ ವಿಷಯ. ಕೋಲಾರ ಜಿಲ್ಲೆಯ ಶಾಸನಗಳು 'ಎಪಿಗ್ರಾಫಿಯಾ ಕರ್ನಾಟಿಕ'ದ ಹತ್ತನೆಯ ಸಂಪುಟವಾಗಿ 1905ರಲ್ಲಿ ಪ್ರಕಟವಾದವು. ಅದೇ ಕಾಲದಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯ ಮೇಲೆ ಕೆಲಸ ಮಾಡುತ್ತಿದ್ದರು. 1909ರಲ್ಲಿ ಆ ಗ್ರಂಥವನ್ನು ಪ್ರಕಟಿಸಿದರು. ಶಾಸನದ ದಾರಿ ಶಾಪದ ದಾರಿಯಾದರೆ, ಕೌಟಿಲ್ಯನದು ಲೆಕ್ಕದ ದಾರಿ. ನೀರಿನೊಳಗೆ ಓಡಾಡುವ ಮೀನು ನೀರು ಕುಡಿಯಿತೋ ಇಲ್ಲವೋ ಎಂದು ಹೇಗೆ ತಿಳಿಯಲಾಗದೋ, ಹಾಗೆಯೇ ಹಣದ ನಡುವೆ ಇರುವ ಅಧಿಕಾರಿ ಹಣ ತಿಂದನೋ ಇಲ್ಲವೋ ತಿಳಿಯದು ಎಂಬ ಅವನ ಹೋಲಿಕೆ ಲೋಕಪ್ರಸಿದ್ಧ. ಆದರೆ ಅವನು ಹೋಲಿಕೆಯಲ್ಲಿ ನಿಂತುಬಿಡಲಿಲ್ಲ. ಹಣ ಅಪಹರಿಸುವ ನಲವತ್ತು ಬಗೆಗಳನ್ನು ಎಣಿಸಿದ. ಮೊದಲು ಬಂದದ್ದನ್ನು ತಡವಾಗಿ ಬರೆಯುವುದು, ಬಾರದ್ದನ್ನು ಬಂತೆಂದು ಬರೆಯುವುದು, ಒಬ್ಬನಿಂದ ಬಂದದ್ದನ್ನು ಇನ್ನೊಬ್ಬನ ಹೆಸರಿಗೆ ತೋರಿಸುವುದು, ಹೀಗೆ. ಇಂದಿನ ಲೆಕ್ಕ ಪರಿಶೋಧಕನಿಗೂ ಹೊಸದೆನಿಸುವುದು ಅದರಲ್ಲಿ ಹೆಚ್ಚಿಲ್ಲ.

ಸಂಶಯ ಬಂದಾಗ ಏನು ಮಾಡಬೇಕೆಂಬುದನ್ನೂ ಅವನು ಹೇಳಿದ್ದಾನೆ. ಹಣ ಇಟ್ಟವನು, ಬರೆದವನು, ಕೊಟ್ಟವನು, ಪಡೆದವನು, ಇವರನ್ನೆಲ್ಲ ಬೇರೆ ಬೇರೆಯಾಗಿ ವಿಚಾರಿಸಬೇಕು. ಈ ಅಧಿಕಾರಿಯಿಂದ ನಷ್ಟವಾದವರು ಬಂದು ಹೇಳಿಕೊಳ್ಳಲಿ ಎಂದು ಆ ಪ್ರದೇಶದಲ್ಲಿ ಸಾರಿಸಬೇಕು. ಸುಳಿವು ಕೊಟ್ಟವನ ಮಾತು ನಿಜವಾದರೆ ಅವನಿಗೆ ಆರರಲ್ಲೊಂದು ಪಾಲು, ಸುಳ್ಳಾದರೆ ಶಿಕ್ಷೆ. ಈ ಸಾರಿಸುವ ಮಾತನ್ನು ನಾವು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಬಳಿಗೆ ಮತ್ತೆ ಬರಬೇಕಾಗಿದೆ.

ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ವಿಜ್ಞಾನೇಶ್ವರನು ಮಿತಾಕ್ಷರವನ್ನು ಬರೆದ. ಅದು ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ. ಆ ಸ್ಮೃತಿ ಒಬ್ಬನು ಇನ್ನೊಬ್ಬನಲ್ಲಿ ಇಟ್ಟ ಇಡುಗಂಟಿನ ವಿಚಾರವನ್ನು ಒಂದು ಪ್ರಕರಣದಲ್ಲಿಯೂ, ಸಮೂಹದ ಹಣದ ವಿಚಾರವನ್ನು ಇನ್ನೊಂದರಲ್ಲಿಯೂ ಹೇಳುತ್ತದೆ. ಸಮೂಹಕ್ಕೆ ಸೇರಿದ ದ್ರವ್ಯವನ್ನು ಅಪಹರಿಸಿದವನ ಸರ್ವಸ್ವವನ್ನೂ ಕಿತ್ತುಕೊಂಡು ರಾಷ್ಟ್ರದಿಂದ ಹೊರಗಟ್ಟಬೇಕು. ಸಮೂಹದ ಕೆಲಸಕ್ಕೆ ಹೋದವನು ತನಗೆ ದೊರೆತದ್ದನ್ನು ತಾನಾಗಿ ತಂದೊಪ್ಪಿಸದಿದ್ದರೆ ಹನ್ನೊಂದು ಪಟ್ಟು ತೆರಬೇಕು. ಒಬ್ಬನ ಹಣಕ್ಕಿಂತ ಹತ್ತು ಜನರ ಹಣ ತಿಂದದ್ದು ಘೋರವೆಂಬ ತಾರತಮ್ಯ ಇಲ್ಲಿ ಸ್ಪಷ್ಟವಾಗಿದೆ.

ಇನ್ನು ಇಂದಿನ ಕಾನೂನು. ಅದರ ಬೇರು ಇಂಗ್ಲೆಂಡಿನಲ್ಲಿದೆ. ಅಲ್ಲಿನ ಹಳೆಯ ನ್ಯಾಯದಲ್ಲಿ ಕಳವು ಎಂದರೆ ಇನ್ನೊಬ್ಬನ ವಶದಲ್ಲಿದ್ದುದನ್ನು ಅವನ ಒಪ್ಪಿಗೆಯಿಲ್ಲದೆ ತೆಗೆದುಕೊಳ್ಳುವುದು. ಒಪ್ಪಿಗೆಯಿಂದಲೇ ಕೈಗೆ ಬಂದದ್ದನ್ನು ನುಂಗಿದರೆ? 1799ರಲ್ಲಿ ಲಂಡನ್ನಿನ ಬ್ಯಾಂಕೊಂದರ ಗುಮಾಸ್ತ ಬೇಜ್ಲಿ ಎಂಬಾತ, ಗಿರಾಕಿ ಕಟ್ಟಲು ಕೊಟ್ಟ ಹಣದಲ್ಲಿ ನೂರು ಪೌಂಡಿನ ನೋಟೊಂದನ್ನು ಜೇಬಿಗಿಳಿಸಿದ. ನೋಟು ಬ್ಯಾಂಕಿನ ವಶಕ್ಕೆ ಬರುವ ಮೊದಲೇ ಅವನ ಜೇಬು ಸೇರಿದ್ದರಿಂದ ಅದು ಕಳವಲ್ಲವೆಂದು ತೀರ್ಮಾನವಾಯಿತು. ಅದೇ ವರ್ಷ ಪಾರ್ಲಿಮೆಂಟು ಅವಸರದಿಂದ ಹೊಸ ಕಾನೂನು ಮಾಡಿತು. ಕಳ್ಳನು ಬೀಗ ಮುರಿಯಬೇಕು. ನಂಬಿಕೆದ್ರೋಹಿಯ ಕೈಗೆ ಬೀಗದ ಕೈಯನ್ನು ನಾವೇ ಕೊಟ್ಟಿರುತ್ತೇವೆ. ಈ ವ್ಯತ್ಯಾಸವನ್ನು ಅಲ್ಲಿನ ನ್ಯಾಯ ತಡವಾಗಿ ಕಂಡುಕೊಂಡಿತು.

ಮೆಕಾಲೆ 1837ರಲ್ಲಿ ಕರಡು ಸಿದ್ಧಪಡಿಸಿದ ಭಾರತೀಯ ದಂಡ ಸಂಹಿತೆ 1860ರಲ್ಲಿ ಅಂಗೀಕಾರವಾಗಿ 1862ರ ಜನವರಿ 1ರಿಂದ ಜಾರಿಗೆ ಬಂದಿತು. ಅದರ 405ನೆಯ ಪ್ರಕರಣವೇ ಅಪರಾಧಿಕ ನಂಬಿಕೆ ದ್ರೋಹದ ವ್ಯಾಖ್ಯೆ. ಎರಡು ಅಂಶ ಸಿದ್ಧವಾಗಬೇಕು: ಸ್ವತ್ತನ್ನು ಅವನಿಗೆ ವಹಿಸಿಕೊಟ್ಟಿರಬೇಕು, ಅವನು ಅದನ್ನು ಅಪ್ರಾಮಾಣಿಕವಾಗಿ ಬಳಸಿಕೊಂಡಿರಬೇಕು. ಸರ್ಕಾರಿ ನೌಕರನೇ ಹೀಗೆ ಮಾಡಿದರೆ 409ನೆಯ ಪ್ರಕರಣದಂತೆ ಜೀವಾವಧಿಯವರೆಗೂ ಶಿಕ್ಷೆ ಆಗಬಹುದು. 2024ರ ಜುಲೈ 1ರಿಂದ ಹಳೆಯ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ; ಈ ಅಪರಾಧ ಅದರ 316ನೆಯ ಪ್ರಕರಣದಲ್ಲಿದೆ. ಸಂಖ್ಯೆ ಬದಲಾಯಿತೇ ಹೊರತು ತಿರುಳು ಬದಲಾಗಲಿಲ್ಲ.

ಆ ಸಂಹಿತೆಯ ಉದಾಹರಣೆಗಳಲ್ಲಿ ಮೂರು ಶಾಲೆಯ ಹಣಕ್ಕೆ ಚೆನ್ನಾಗಿ ಅನ್ವಯಿಸುತ್ತವೆ. ದೆಹಲಿಯ ಯಜಮಾನ ಕಲಕತ್ತೆಯ ಏಜೆಂಟನಿಗೆ ಒಂದು ಲಕ್ಷ ರೂಪಾಯಿ ಕಳುಹಿಸಿ, ಕಂಪೆನಿಯ ಸಾಲಪತ್ರಗಳಲ್ಲಿ ತೊಡಗಿಸು ಎನ್ನುತ್ತಾನೆ. ಏಜೆಂಟ ಅದನ್ನು ಅಪ್ರಾಮಾಣಿಕವಾಗಿ ಸ್ವಂತ ವ್ಯಾಪಾರಕ್ಕೆ ಹಾಕಿದರೆ ಅಪರಾಧ. ಯಜಮಾನನಿಗೆ ಇನ್ನೂ ಲಾಭವಾಗಲೆಂದು ಸದ್ಭಾವನೆಯಿಂದ ಬ್ಯಾಂಕಿನ ಷೇರು ಕೊಂಡರೆ, ನಷ್ಟವಾದರೂ ಅದು ಅಪರಾಧವಲ್ಲ. ಮೂರನೆಯದು 403ನೆಯ ಪ್ರಕರಣದ್ದು. ಸಿಕ್ಕಿದ ಸಾಲಪತ್ರ ಯಾರದೆಂದು ತಿಳಿದೂ ಅದನ್ನು ಒತ್ತೆಯಿಟ್ಟು ಸಾಲ ಪಡೆದವನು, ಮುಂದೆ ಹಿಂದಿರುಗಿಸುವ ಉದ್ದೇಶವಿದ್ದರೂ ತಪ್ಪಿತಸ್ಥ. ಮಕ್ಕಳ ಶುಲ್ಕದ ಹಣವನ್ನು ಮನೆಯ ಮದುವೆಗೆ ಬಳಸಿಕೊಂಡು, ಬರುವ ತಿಂಗಳ ಸಂಬಳದಲ್ಲಿ ಕಟ್ಟಿಬಿಡುತ್ತೇನೆ ಎನ್ನುವವನಿಗೆ ಇದರಲ್ಲಿ ಉತ್ತರವಿದೆ. ಸ್ವಲ್ಪ ಕಾಲದ ದುರ್ಬಳಕೆಯೂ ದುರ್ಬಳಕೆಯೇ.

ಎರಡನೆಯ ಉದಾಹರಣೆಯನ್ನು ಮಾತ್ರ ನಾವು ಸುಲಭವಾಗಿ ಮರೆಯುತ್ತೇವೆ. ಮಳೆಗಾಲಕ್ಕೆ ಮುಂಚೆ ಹೆಂಚು ಹಾಕಿಸಬೇಕೆಂದು ಬೇರೆ ಬಾಬತ್ತಿನ ಹಣವನ್ನು ಛಾವಣಿಗೆ ಖರ್ಚು ಮಾಡಿ, ರಸೀದಿಯನ್ನು ಸರಿಯಾಗಿ ಇಡದ ಮುಖ್ಯೋಪಾಧ್ಯಾಯರೂ ನಮ್ಮ ಹಳ್ಳಿಗಳಲ್ಲಿ ಇರಬಹುದು. ಅವರು ನಿಯಮ ಮೀರಿದ್ದಾರೆ, ಇಲಾಖೆಗೆ ಸಮಾಧಾನ ಹೇಳಬೇಕು. ಆದರೆ ಅವರು ದ್ರೋಹಿಗಳಲ್ಲ. ಊರಿನ ಪಕ್ಷಪ್ರತಿಪಕ್ಷಗಳ ನಡುವೆ ಇಂಥವರ ಮೇಲೆ ಕಳ್ಳತನದ ಅಪವಾದ ಬೀಳುವುದು ಕಷ್ಟವೇನಲ್ಲ. ಹಾಗೆಂದು ಲೆಕ್ಕ ಕೊಡಲಾಗದಿರುವುದು ಸಣ್ಣ ಮಾತೂ ಅಲ್ಲ. ಬಣ್ಣ ಹಾಕಲು ವಹಿಸಿದ್ದ ಬಟ್ಟೆಯ ವಿಷಯದಲ್ಲಿ ಮುಂಬಯಿಯಿಂದ ಬಂದ ಒಂದು ಮೊಕದ್ದಮೆಯಲ್ಲಿ, 1960ರಲ್ಲಿ, ಸರ್ವೋಚ್ಚ ನ್ಯಾಯಾಲಯ ಒಂದು ಮಾತನ್ನು ಸ್ಪಷ್ಟಪಡಿಸಿತು. ವಹಿಸಿಕೊಟ್ಟದ್ದು ಸಿದ್ಧವಾದ ಮೇಲೆ, ಹೇಗೆ ನುಂಗಿದನೆಂಬುದನ್ನು ಹೆಜ್ಜೆಹೆಜ್ಜೆಗೂ ತೋರಿಸಬೇಕಾಗಿಲ್ಲ. ಲೆಕ್ಕ ಕೊಡದೆ ಸುಳ್ಳು ಸಮಜಾಯಿಷಿ ಹೇಳಿದರೆ ನ್ಯಾಯಾಲಯ ಅಪ್ರಾಮಾಣಿಕತೆಯನ್ನು ಊಹಿಸಬಹುದು. ಆದ್ದರಿಂದ ನಗದು ಪುಸ್ತಕ ಕಳ್ಳನನ್ನು ಹಿಡಿಯುವುದಕ್ಕಷ್ಟೇ ಅಲ್ಲ, ಪ್ರಾಮಾಣಿಕನನ್ನು ಉಳಿಸುವುದಕ್ಕೂ ಬೇಕು.

ಇಷ್ಟೆಲ್ಲ ಕಾನೂನು ಇದ್ದರೂ ಶಾಲೆಯ ಹಣ ಕರಗುವುದೇಕೆ? ನನ್ನ ದೃಷ್ಟಿಯಲ್ಲಿ ಕಾರಣ ಒಂದೇ. ಮನೆಯಲ್ಲಿ ಕಳವಾದರೆ ಯಜಮಾನ ಬೊಬ್ಬೆ ಹಾಕುತ್ತಾನೆ. ಶಾಲೆಯ ಹಣ ಹೋದಾಗ ನಷ್ಟವಾಗುವುದು ಮಗುವಿಗೆ. ತನಗೆ ನಷ್ಟವಾಯಿತೆಂದು ಮಗುವಿಗೆ ತಿಳಿಯುವುದೇ ಇಲ್ಲ. ಬಾರದ ಭೂಪಟ, ಕೊಳ್ಳದ ಪುಸ್ತಕ, ಅಳತೆಯಲ್ಲಿ ಕಡಿಮೆಯಾದ ಮಧ್ಯಾಹ್ನದ ಅನ್ನ, ಇವು ಮಗುವಿನ ಪಾಲಿಗೆ ಇಲ್ಲವಾದ ವಸ್ತುಗಳಲ್ಲ. ಎಂದೂ ಇದ್ದಿರದ ವಸ್ತುಗಳು. ದೂರು ಕೊಡಬೇಕಾದವನಿಗೇ ದೂರಿನ ಅರಿವಿಲ್ಲದ ಅಪರಾಧ ಇದು.

ಹಾಗಾದರೆ ಮಗುವಿನ ಪರವಾಗಿ ಕೇಳುವವರು ಯಾರು? ನಮ್ಮ ಇತಿಹಾಸ ಈ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಟ್ಟಿದೆ. ಮೈಸೂರಿನಲ್ಲಿ 1930ರ ಪ್ರಾಥಮಿಕ ವಿದ್ಯಾಭ್ಯಾಸದ ಕಾನೂನು ಶಾಲೆಗಳನ್ನು ಸ್ಥಳೀಯ ಮಂಡಳಿಗಳ ಕೈಗೆ ಕೊಟ್ಟಿತು. 1941ರ ಕಾನೂನು ಅವನ್ನು ಮತ್ತೆ ಸರ್ಕಾರದ ಕೈಗೆ ತಂದಿತು. ಅರವತ್ತು ವರ್ಷಗಳ ಬಳಿಕ, 2001ರಲ್ಲಿ, ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ, ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳು ಇಲ್ಲವೆ ಪೋಷಕರು ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು, ಅನುದಾನದ ಬಳಕೆಯನ್ನು ಆ ಸಮಿತಿ ನೋಡಬೇಕು ಎಂದಿತು. ಇದಕ್ಕೆ ಮುಂಚೆಯೇ, 2005ರ ಮಾಹಿತಿ ಹಕ್ಕು ಕಾಯಿದೆ ಯಾವ ನಾಗರಿಕನಾದರೂ ಸರ್ಕಾರಿ ಶಾಲೆಯ ಲೆಕ್ಕ ಕೇಳಬಹುದಾದ ದಾರಿ ತೆರೆದಿತ್ತು. ನಷ್ಟವಾದವರು ಬಂದು ಹೇಳಲಿ ಎಂದು ಸಾರಿಸುವ ಕೌಟಿಲ್ಯನ ಮಾತೂ, ಊರ ನಡುವಿನ ಶಾಸನದ ಕಲ್ಲೂ ಬೇರೆ ವೇಷದಲ್ಲಿ ಮರಳಿ ಬಂದಿವೆ ಎನ್ನಬಹುದು.

ಆದರೆ ಅಂದಿಗೂ ಇಂದಿಗೂ ಒಂದು ದೊಡ್ಡ ಅಂತರವಿದೆ. ಶಾಸನದ ಕಾಲದಲ್ಲಿ ಓದಿ ಹೇಳಲು ಇನ್ನೊಬ್ಬ ಬೇಕಾಗಿತ್ತು. 1868ರ ರೈತನಿಗೂ ಹಾಗೆಯೇ. ಇಂದು ಯಲ್ದೂರಿನಂಥ ಹೋಬಳಿಯ ಊರುಗಳಲ್ಲಿ ಶಾಲಾ ಸಮಿತಿಯಲ್ಲಿ ಕುಳಿತುಕೊಳ್ಳುವ ತಾಯಂದಿರಲ್ಲಿ ಎಷ್ಟೋ ಮಂದಿ ಇಂಥವೇ ಶಾಲೆಗಳಲ್ಲಿ ಕೂಡುವುದನ್ನೂ ಕಳೆಯುವುದನ್ನೂ ಕಲಿತವರು. ನಗದು ಪುಸ್ತಕವನ್ನೂ ಬ್ಯಾಂಕಿನ ಪಾಸ್ ಪುಸ್ತಕವನ್ನೂ ಪಕ್ಕಪಕ್ಕದಲ್ಲಿಟ್ಟು ಓದುವುದಕ್ಕೆ ಅದಕ್ಕಿಂತ ಹೆಚ್ಚಿನ ವಿದ್ಯೆ ಬೇಕಾಗಿಲ್ಲ. ನ್ಯಾಯಾಲಯದ ತೀರ್ಪು ಬರುವ ಹೊತ್ತಿಗೆ ಮಗು ಶಾಲೆ ಬಿಟ್ಟಿರುತ್ತದೆ. ಅದಕ್ಕೆ ಸಲ್ಲಬೇಕಾಗಿದ್ದ ಪುಸ್ತಕ ಇನ್ನು ಅದರ ಕೈಗೆ ಬಾರದು. ಆದ್ದರಿಂದ ಸಭೆಯಲ್ಲಿ ಲೆಕ್ಕವನ್ನು ಗಟ್ಟಿಯಾಗಿ ಓದಿಸಿ ಕೇಳುವ ಪದ್ಧತಿಯನ್ನು ಯಾವ ಊರೂ ಸಂಕೋಚಪಟ್ಟು ಬಿಡಬಾರದು. ಹಾಗೆ ಕೇಳುವುದು ಉಪಾಧ್ಯಾಯರ ಮೇಲಣ ಅಪನಂಬಿಕೆಯಲ್ಲ. ನಂಬಿ ಕೊಟ್ಟವರ ಋಣವನ್ನು ಅವರ ಮಕ್ಕಳು ತೀರಿಸುವ ಬಗೆ ಅದು.