ಒರೆಸಿದರೂ ಹೋಗದ ಕೋಡ್

ಡೀಸೆಲ್ ಕಾರಿನ ದೀಪ ಹೊತ್ತಿತೆಂದು ಗ್ಯಾರೇಜಿಗೆ ಹೋದರೆ, ಹುಡುಗ ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿ 'ಪಿ2463' ಎಂದು ಓದುತ್ತಾನೆ. ಫಿಲ್ಟರಿನಲ್ಲಿ ಮಸಿ ಕಟ್ಟಿದೆ ಎಂದರ್ಥ. ಗುಂಡಿ ಒತ್ತಿ ಅಳಿಸುತ್ತಾನೆ. ದೀಪ ಆರುತ್ತದೆ, ಹೈವೇಯಲ್ಲಿ ಓಡಿಸಿ ಸುಡಬೇಕಿದ್ದ ಮಸಿ ಅಲ್ಲೇ ಇರುತ್ತದೆ.

ಆ ಗುಂಡಿಗೂ ಒಂದು ಚರಿತ್ರೆಯಿದೆ. ಕಾರು ತನ್ನ ದೋಷವನ್ನು ತಾನೇ ಹೇಳಬೇಕೆಂದು 1988ರ ಮಾದರಿಗಳಿಂದ ಕಡ್ಡಾಯ ಮಾಡಿದ್ದು ಕ್ಯಾಲಿಫೋರ್ನಿಯಾ. ಆದರೆ ಕಂಪನಿಗೊಂದು ಭಾಷೆ. 1996ರಲ್ಲಿ ಅಮೆರಿಕಕ್ಕೆಲ್ಲ ಒಂದೇ ಹದಿನಾರು ಪಿನ್ನಿನ ಸಾಕೆಟ್ ಬಂತು. ಜನ ಅದಕ್ಕಿಂತ ಜಾಣರು: ತಪಾಸಣೆಗೆ ಮುನ್ನ ಬ್ಯಾಟರಿ ತಂತಿ ಕಳಚಿ ಕೋಡ್ ಒರೆಸುತ್ತಿದ್ದರು. ಹೀಗಾಗಿ 2010ರ ಮಾದರಿಗಳಿಂದ ಹಂತಹಂತವಾಗಿ 'ಪರ್ಮನೆಂಟ್ ಕೋಡ್' ಬಂತು. ಅದು ಸ್ಕ್ಯಾನರಿಗೂ ಬಗ್ಗದು, ಬ್ಯಾಟರಿ ಕಳಚಿದರೂ ಹೋಗದು. ದುರಸ್ತಿ ನಿಜವೆಂದು ಕಾರೇ ಓಡಿ ಖಚಿತಪಡಿಸಿಕೊಂಡ ಮೇಲಷ್ಟೇ ಅಳಿಯುತ್ತದೆ.

(ಕಾರೇ ಸುಳ್ಳು ಹೇಳಿದರೆ? 2015ರಲ್ಲಿ ಸಿಕ್ಕಿಬಿದ್ದ ಫೋಕ್ಸ್‌ವ್ಯಾಗನ್ ಡೀಸೆಲ್‌ಗಳು ರಸ್ತೆಯಲ್ಲಿ ಮಿತಿಯ 40 ಪಟ್ಟಿನವರೆಗೂ ನೈಟ್ರೋಜನ್ ಆಕ್ಸೈಡ್ ಉಗುಳುತ್ತಿದ್ದವು, ದೀಪ ಹೊತ್ತಿಸದೆ.)

ನಮ್ಮಲ್ಲಿ 2013ರಿಂದ ಓಬಿಡಿ-2 ಇದೆ. 2020ರ ಬಿಎಸ್-6 ಡೀಸೆಲ್ ಕಾರುಗಳಿಗೆ ಫಿಲ್ಟರ್ ತಂದಿತು. ಪಿಯುಸಿ ಕೇಂದ್ರದಲ್ಲಿ ಮಾತ್ರ ಡೀಸೆಲ್ ಕಾರಿನ ಆಕ್ಸಿಲರೇಟರ್ ತುಳಿಸಿ ಹೊಗೆಯ ದಟ್ಟಣೆ ಅಳೆಯುತ್ತಾರೆ. ಆ ಸಾಕೆಟ್ಟಿನತ್ತ ಬಗ್ಗಿ ನೋಡುವವರಿಲ್ಲ.