ಮತಯಂತ್ರದ ಗುಂಡಿಗಳೂ ದೀಪಗಳೂ

2004ರ ಲೋಕಸಭಾ ಚುನಾವಣೆಯಲ್ಲಿ ದೇಶದ ಎಲ್ಲ ಮತಗಟ್ಟೆಗಳಿಗೂ ವಿದ್ಯುನ್ಮಾನ ಮತಯಂತ್ರವು ಬಂದಿತು. ಇದನ್ನು ತಯಾರಿಸಿದವು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಹಾಗೂ ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಸಂಸ್ಥೆಗಳು. ಇದರ ಗುಂಡಿ–ದೀಪಗಳ ಜೋಡಣೆಯಲ್ಲಿಯೇ ಒಂದು ಅಧಿಕಾರವಿಭಜನೆ ಅಡಗಿದೆಯೆಂಬುದನ್ನು ನಾವಿಲ್ಲಿ ತೋರಿಸಲು ಯತ್ನಿಸುತ್ತೇವೆ.

1982ರಲ್ಲಿ ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಮತಯಂತ್ರದ ಮೊದಲ ಪ್ರಯೋಗ ನಡೆಯಿತು. ಕಾನೂನಿನ ಆಧಾರವಿಲ್ಲವೆಂದು 1984ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಅಸಿಂಧುಗೊಳಿಸಿತು. 1988ರ ಡಿಸೆಂಬರಿನಲ್ಲಿ ಸಂಸತ್ತು ಕಾಯಿದೆಯನ್ನು ತಿದ್ದಿ ಆ ಕೊರತೆಯನ್ನು ನೀಗಿಸಿತು.

ಯಂತ್ರದಲ್ಲಿ ತಂತಿಯಿಂದ ಕೂಡಿದ ಎರಡು ಘಟಕಗಳಿವೆ. ನಿಯಂತ್ರಣ ಘಟಕವು ಅಧಿಕಾರಿಯ ಮುಂದೆ, ಮತದಾನ ಘಟಕವು ಮರೆಯೊಳಗೆ. ಅಧಿಕಾರಿಯು ‘ಬ್ಯಾಲೆಟ್’ ಗುಂಡಿಯನ್ನೊತ್ತಿದರೆ ಅವನೆದುರು ‘ಬ್ಯುಸಿ’ ಎಂಬ ಕೆಂಪು ದೀಪವೂ ಮತದಾರನೆದುರು ‘ರೆಡಿ’ ಎಂಬ ಹಸಿರು ದೀಪವೂ ಬೆಳಗುವುವು. ಮತದಾರನು ನೀಲಿ ಗುಂಡಿಯನ್ನೊತ್ತಿದೊಡನೆ ಅಭ್ಯರ್ಥಿಯ ಚಿಹ್ನೆಯ ಪಕ್ಕದ ಕೆಂಪು ದೀಪ ಹೊತ್ತಿ, ‘ಬೀಪ್’ ಸದ್ದು ಕೇಳಿಬರುವುದು. ಮತ್ತೊಮ್ಮೆ ಒತ್ತಿದರೂ ಎರಡನೆಯ ಮತ ಬೀಳದು. ಮುಂದಿನವನಿಗೆ ಅಧಿಕಾರಿಯೇ ಪುನಃ ಅನುವು ಮಾಡಿಕೊಡಬೇಕು.

‘ಟೋಟಲ್’ ಗುಂಡಿಯು ಬಿದ್ದ ಮತಗಳ ಒಟ್ಟು ಸಂಖ್ಯೆಯನ್ನು ಮಾತ್ರ ತೋರಿಸುವುದು, ಯಾರಿಗೆಷ್ಟೆಂಬುದನ್ನಲ್ಲ. ಆ ಸಂಖ್ಯೆಯನ್ನು ಮತದಾರರ ರಿಜಿಸ್ಟರಿನೊಡನೆ ತಾಳೆ ನೋಡಬಹುದು. ‘ಕ್ಲೋಸ್’ ಒತ್ತಿದ ಮೇಲೆ ಯಂತ್ರವು ಮತ ಸ್ವೀಕರಿಸದು. ‘ರಿಸಲ್ಟ್’ ಗುಂಡಿಯಾದರೋ ಎಣಿಕೆಯ ದಿನದವರೆಗೆ ಮೊಹರಿನ ಹಿಂದಿರುವುದು. ಹೀಗೆ ಅನುಮತಿ ಅಧಿಕಾರಿಯದು, ಆಯ್ಕೆ ಮತದಾರನದು.

ಆದರೆ ಕೆಂಪು ದೀಪವು ಗುಂಡಿಯನ್ನೊತ್ತಿದುದಕ್ಕೆ ಸೂಚನೆಯೇ ಹೊರತು ಒಳಗೆ ದಾಖಲಾದುದಕ್ಕೆ ಸಾಕ್ಷಿಯಲ್ಲ. 2013ರಲ್ಲಿ ಮೊದಲು ಬಳಕೆಗೆ ಬಂದ ವಿವಿಪ್ಯಾಟ್ ಯಂತ್ರವು ಮತಚೀಟಿಯನ್ನು ಗಾಜಿನ ಹಿಂದೆ 7 ಸೆಕೆಂಡು ತೋರಿಸಿ, ಎಣಿಸಬಹುದಾದ ಕಾಗದವನ್ನು ಉಳಿಸಿತು. ದೀಪದಿಂದ ನೀಗದ ಸಂದೇಹಕ್ಕೆ ಕಾಗದವೇ ಮರಳಿ ಬರಬೇಕಾಯಿತೆಂಬುದು ಈ ಇತಿಹಾಸದ ಮುಖ್ಯ ಪಾಠವೆಂದು ನಾವು ಭಾವಿಸುತ್ತೇವೆ.